ತಾರೀಖಿಲ್ಲದ ರಾಜೀನಾಮೆ

ಫೆಬ್ರವರಿ 21, ಗುರುವಾರ. ಸಂಜೆ 7:20

ಈಗಷ್ಟೇ ಬಂದೆ. ಬೆಳಗಿನಿಂದ ಬರೀ ಕಾಲರ್. ತೊಂಬತ್ತಾಯಿತು, ಮಧ್ಯೆ ಎರಡು ಸೂಜಿ ಮುರಿದವು. ನೆಲಮಾಳಿಗೆಯ ಹೀಟರ್ ಮತ್ತೆ ಕೆಟ್ಟಿದೆ. ಬೆರಳು ಮರಗಟ್ಟಿ ಬಟ್ಟೆ ಜಾರುತ್ತದೆ.

ಹೊಸ ಹುಡುಗಿಯೊಬ್ಬಳು ಸೇರಿದಳು. ನಾರಿನ್ ಬೆಟ್ಟಸೀಮೆಯವಳು, ಕೆನ್ನೆ ಇನ್ನೂ ಬೆಟ್ಟದ ಚಳಿಗೆ ಒಡೆದೇ ಇದೆ. ಜುಮಾಗುಲ್ ಅಕ್ಕ ಎಂದಿನಂತೆ ನನ್ನ ಹತ್ತಿರ ಕಳಿಸಿದಳು. ಕಾರ್ಖಾನೆ ಅವಳದು, ನಾನು ಹನ್ನೊಂದು ವರ್ಷದ ಹಳಬಳು. ಹೊಸಬರಿಂದ ಪತ್ರ ಬರೆಸುವುದು ನನ್ನ ಕೆಲಸ. ಶಾಲೆಯ ಉಕ್ತಲೇಖನದ ಹಾಗೆ ಹೇಳುತ್ತಾ ಹೋದೆ, ಅವಳು ಬರೆದಳು. 'ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಯಾವ ತಕರಾರೂ ಇಲ್ಲ.' ಕೆಳಗೆ ಸಹಿ. ತಾರೀಖಿನ ಜಾಗ ಖಾಲಿ.

"ಅಕ್ಕಾ, ಇವತ್ತು ಸೇರ್ತಿದ್ದೀನಿ, ಇವತ್ತೇ ಬಿಡೋ ಪತ್ರಾನಾ?"

ಪಕ್ಕದ ಮಿಶನ್ನಿನಿಂದ ಐಚುರೆಕ್ ಬಾಯಿ ಹಾಕಿದಳು. "ನಿಕಾ ದಿನಾನೇ ತಲಾಖ್ ಬರೆಸ್ಕೊಂಡ್ಬಿಡ್ತಾರೆ ಕಣೇ ಇಲ್ಲಿ. ಗಂಡಂಗೆ ಎಷ್ಟು ಅನುಕೂಲ ನೋಡು!"

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಎಲ್ಲಾರೂ ಬರ್ದಿದ್ದಾರೆ ಮಗಳೇ. ಇಲ್ಲಿ ಹೀಗೇ. ಬರಿ" ಅಂದೆ.

ಬರೆದಳು. ಪತ್ರ ಜುಮಾಗುಲ್ ಅಕ್ಕನ ಬೀರುವಿನ ಬಿಸ್ಕತ್ತಿನ ಡಬ್ಬಿ ಸೇರಿತು. ನಮ್ಮೆಲ್ಲರದೂ ಅಲ್ಲೇ ಇದೆ. ಯಾರಾದರೂ ಬೇಡವಾದ ದಿನ ತಾರೀಖು ತುಂಬಿದರೆ ಆಯಿತು. ಹೊರಹಾಕಿದ ಹಾಗಾಗುವುದಿಲ್ಲ, ತಾವಾಗಿಯೇ ಬಿಟ್ಟ ಹಾಗೆ.

ಗುರುವಾರ, ಸತ್ತವರ ದಿನವಲ್ಲವೇ, ಬಂದವಳೇ ತಂಗಿ ಬುರುಲ್‌ಗಾಗಿ ಹಿಟ್ಟು ನಾದಿ ಏಳು ಬೋರ್ಸೋಕ್ ಕರಿದೆ. ಕಾದ ಎಣ್ಣೆಯ ವಾಸನೆ ಸತ್ತವರಿಗೆ ತಲುಪುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ತಂಗಿ ಹೋಗಿ ಹತ್ತು ತಿಂಗಳು. ಸಾಲಿಮಾ ಅಜ್ಜಿ ಬಾಗಿಲು ತಟ್ಟದೆ ಒಳಗೆ ಬಂದು ಎರಡು ತಿಂದಳು. ಕೈಯೆತ್ತಿ ಪ್ರಾರ್ಥನೆ ಮಾಡಿದಳು. ಈ ಕೋಣೆಯ ಒಡತಿ ಅವಳು. ಜುಮಾಗುಲ್ ಅಕ್ಕನ ತಾಯಿ. ಬಾಡಿಗೆಗೆ ಕಾಗದವೇನೂ ಇಲ್ಲ. ಬಾಯಿಮಾತು ಅಷ್ಟೇ.


ಮಾರ್ಚ್ 7, ಗುರುವಾರ. ಸಂಜೆ

ನಾಳೆ ಮಹಿಳಾ ದಿನದ ರಜೆ. ಊಟಕ್ಕೆ ಮುಂಚೆಯೇ ಮಿಶನ್ ನಿಲ್ಲಿಸಿದೆವು. ಕತ್ತರಿಸುವ ಮೇಜಿನ ಮೇಲೆ ಹಾಳೆ ಹಾಸಿ ಸಲಾಡು, ರೊಟ್ಟಿ, ಕೇಕು. ಜುಮಾಗುಲ್ ಅಕ್ಕ ಒಬ್ಬೊಬ್ಬರಿಗೂ ಒಂದು ಟ್ಯುಲಿಪ್ ಹೂ, ಒಂದು ಟವೆಲು ಕೊಟ್ಟಳು. "ನೀವು ನನ್ನ ಕೆಲಸದೋರಲ್ಲ, ನನ್ನ ತಂಗಿಯರು" ಅಂದಳು. ಕಣ್ಣು ಒರೆಸಿಕೊಂಡಳು. ನಾಟಕವಲ್ಲ. ಹಾಗೇ ಅವಳು, ಬೇಗ ಅಳು ಬರುತ್ತದೆ.

ಆಮೇಲೆ ಐಚುರೆಕ್ ಎದ್ದು ಆಸ್ಪತ್ರೆಯ ಚೀಟಿ ಕೊಟ್ಟಳು. ಐದನೇ ತಿಂಗಳು. ಎಲ್ಲರೂ ಚಪ್ಪಾಳೆ.

"ಅಕ್ಕಾ, ಡಾಕ್ಟ್ರು ಭಾರ ಎತ್ಬಾರ್ದು ಅಂದಿದ್ದಾರೆ. ಆಮೇಲೆ ಹೆರಿಗೆ ರಜೆ... ಕಾಗದಗಳೇನಾದ್ರೂ ಬೇಕಾ?"

"ಮೊದ್ಲು ಕೇಕ್ ತಿನ್ನು ತಾಯಿ. ಇಬ್ಬರಿಗಾಗೋವಷ್ಟು ತಿನ್ನು" ಅಂದಳು ಜುಮಾಗುಲ್ ಅಕ್ಕ. ನಗುತ್ತಲೇ ಇದ್ದಳು. ಚೀಟಿಯನ್ನು ಮಡಿಸಿ, ಮತ್ತೆ ಮಡಿಸಿ, ಬೆರಳಗಲ ಮಾಡಿದಳು.

ಐಚುರೆಕ್ ಕೂರುವುದು ಹಿಂದೆ ಬುರುಲ್ ಕೂರುತ್ತಿದ್ದ ಮಿಶನ್ನಿಗೆ. ಅವಳು ಬಾಗಿದಾಗ ಹಿಂದಿನಿಂದ ಒಮ್ಮೊಮ್ಮೆ...

ಸಾಕು.


ಮಾರ್ಚ್ 12, ಮಂಗಳವಾರ

ಜುಮಾಗುಲ್ ಅಕ್ಕ ಒಳಗೆ ಕರೆದಳು. ಮೇಜಿನ ಮೇಲೆ ಐಚುರೆಕ್‌ಳ ಪತ್ರ. ಪಕ್ಕದಲ್ಲಿ ಪೆನ್ನು.

"ನಿನ್ನೆ ತಾರೀಖು ಹಾಕು. ನನ್ನ ಕೈಬರಹ ಎಲ್ಲಾ ಕಾಗದದ ಮೇಲೂ ಇದೆ, ಅನುಮಾನ ಬರುತ್ತೆ. ನಿಂದಾದ್ರೆ ಶಾಲೆ ಹುಡುಗಿ ಬರ್ದ ಹಾಗಿರುತ್ತೆ."

"ಅಕ್ಕ, ಅವ್ಳು ಬಸುರಿ..."

"ಅದಕ್ಕೇ ಕಣೆ. ಮುಂದಿನ ತಿಂಗಳಾದ್ರೆ ಹೊಟ್ಟೆ ದೊಡ್ಡದಾಗುತ್ತೆ, ಕಷ್ಟ ಆಗುತ್ತೆ. ಹೆತ್ತಾದ್ಮೇಲೆ ವಾಪಸ್ ಕರಿಯೋಣ. ನಾನೇನು ರಾಕ್ಷಸಿನಾ?"

ಬರೆದೆ. ಪೆನ್ನು ಹಿಡಿದಿದ್ದು, ಇಟ್ಟಿದ್ದು, ಒಂದು ನಿಮಿಷವೂ ಇಲ್ಲ. ಹೊರಗೆ ಬಂದು ಅಂಗಿಗಳಿಗೆ ತೋಳು ಹೊಲಿಯುತ್ತಾ ಕೂತೆ.

ಹೀಗೆ ಬರೆದದ್ದು ಇದು ಎರಡನೇ ಸಲ.


ಮಾರ್ಚ್ 13, ಬುಧವಾರ. ಸಂಜೆ 8

ಬೆಳಿಗ್ಗೆ ಐಚುರೆಕ್ ಬಂದಾಗ ಅವಳ ಮಿಶನ್ನಿಗೆ ಆ ನಾರಿನ್ ಹುಡುಗಿ ಕೂತಿದ್ದಳು. ಜುಮಾಗುಲ್ ಅಕ್ಕ ಪತ್ರದ ಜೆರಾಕ್ಸ್ ಕೈಗಿತ್ತಳು. "ನೀನೇ ಕೊಟ್ಟಿದ್ದೀಯಲ್ಲ ತಾಯಿ."

"ನಾನಾ? ನಾನು ಇದನ್ನ ಬರ್ದಿದ್ದು ಸೇರಿದ ದಿನ! ಹೋದ್ ವರ್ಷದ ಹಿಂದಿನ ವರ್ಷ!"

"ಹಾಗಂತ ಎಲ್ಲಿ ಬರ್ದಿದೆ, ತೋರ್ಸು."

ಐಚುರೆಕ್ ನನ್ನ ಕಡೆ ತಿರುಗಿದಳು. "ಅಕ್ಕಾ, ಬರೆಸಿದ್ದು ನೀನೇ ಅಲ್ವಾ. ಹೇಳು. ಯಾವಾಗ ಬರ್ದಿದ್ದು ಅಂತ ಒಂದ್ ಮಾತು ಹೇಳ್ಬಿಡು."

ಉಳಿದ ಮಿಶನ್ನುಗಳೆಲ್ಲ ನಿಂತಿದ್ದವು. ನನ್ನದೊಂದು ಓಡುತ್ತಿತ್ತು. ಹೊಲಿಗೆ ಮುಗಿದ ಮೇಲೂ ಕಾಲು ತೆಗೆಯಲಿಲ್ಲ. ಬಟ್ಟೆ ದಾಟಿ ಖಾಲಿ ದಾರ ಸುತ್ತಿಕೊಳ್ಳುತ್ತಾ ಹೋಯಿತು.

ಅವಳು ಅಳಲಿಲ್ಲ. ಕತ್ತರಿ, ಚಹಾದ ಲೋಟ, ಬೆನ್ನಿಗಿಟ್ಟುಕೊಳ್ಳುವ ದಿಂಬು ಎತ್ತಿಕೊಂಡಳು. ಹೋಗುವಾಗ, "ನಿಂಗೆ ಕಿವಿ ಕೇಳ್ಸಲ್ಲ ಅಂತ ಗೊತ್ತಿರ್ಲಿಲ್ಲ ಅಕ್ಕ" ಅಂದಳು.


ಮಾರ್ಚ್ 14, ಗುರುವಾರ

ಎಣ್ಣೆ ಕಾಯಿಸಿದೆ. ಹಿಟ್ಟು ಹಾಕಲು ಕೈ ಬರಲಿಲ್ಲ. ಬರೀ ಎಣ್ಣೆಯ ವಾಸನೆಗೇ ಬುರುಲ್ ಬರುವುದಾದರೆ ಬಂದು ನನ್ನ ಮುಖ ನೋಡಲಿ.

ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ. ಮೊದಲ ಸಲ ತಾರೀಖು ಹಾಕಿದ್ದು ಬುರುಲ್‌ಳ ಪತ್ರಕ್ಕೆ.

ಹೋದ ವರ್ಷದ ಹಿಂದಿನ ಅಕ್ಟೋಬರ್. ಅವಳಿಗೆ ಕೆಮ್ಮು ಶುರುವಾಗಿತ್ತು, ಜ್ವರ ಬಿಡುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಬೇಕು ಅಂದಿದ್ದರು. "ಕೆಮ್ಮೋಳನ್ನ ಇಟ್ಕೊಂಡ್ರೆ ಉಳಿದೋರು ಓಡ್ತಾರೆ" ಅಂದಳು ಜುಮಾಗುಲ್ ಅಕ್ಕ. ಪೆನ್ನು ಕೊಟ್ಟಳು. ಹೇಗೂ ಕೆಲಸ ಮಾಡಲಾಗದವಳು, ಒಂದು ಕಾಗದದಿಂದ ಏನು ವ್ಯತ್ಯಾಸ ಅಂತ ನನಗೆ ನಾನೇ ಹೇಳಿಕೊಂಡೆ. ಕಾಯಿಲೆ ರಜೆ ಅನ್ನುವುದೊಂದಿದೆ, ಆಗ ಕೆಲಸದಿಂದ ತೆಗೆಯುವಂತಿಲ್ಲ ಎಂದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೇ? ಕೇಳಲಿಲ್ಲ. ಅದು ಬೇರೆ.

ಬುರುಲ್ ಈ ಮಂಚದ ಮೇಲೆ ಕೂತು ಹೇಳಿದಳು: "ಅಕ್ಕ, ನೀನಾದ್ರೂ ಹೋಗಿ ಮಾತಾಡು. ಸೇರಿದ ದಿನಾನೇ ಬರೆಸ್ಕೊಂಡಿದ್ದು ಅಂತ ಹೇಳು."

"ಹತ್ತು ಜನರ ಮುಂದೆ ಜಗಳ ಆಡ್ತಾರೇನೇ? ನಾಚಿಕೆ ಆಗಲ್ವಾ?" ಅಂದೆ. ನಾನು ಅಂದೆ.

ಆರು ತಿಂಗಳಿಗೆ ಹೋದಳು. ಕೆಲಸ ಹೋದದ್ದರಿಂದ ಸತ್ತಳು ಅನ್ನುವುದಿಲ್ಲ. ರೋಗ ಇತ್ತು. ಆದರೆ ಕೊನೆಯ ಚಳಿಗಾಲ ಬಜಾರಿನಲ್ಲಿ ನಿಂತು ಕಾಲುಚೀಲ ಮಾರಿದಳು.

ಜುಮಾಗುಲ್ ಅಕ್ಕ ಮಣ್ಣಿಗೆ ಬಂದಳು, ಸಾವಿನೂಟಕ್ಕೆ ಕುರಿ ತಂದಳು. ಸಾಲಿಮಾ ಅಜ್ಜಿ ತಾನೇ ತೋಳೇರಿಸಿ ಬುರುಲ್‌ಳ ಮೈ ತೊಳೆದಳು. ಎಲುಬು ಎಲುಬಾದ ಮೈಯನ್ನು ಹಸುಗೂಸಿನ ಹಾಗೆ ಹಿಡಿದಿದ್ದಳು. ಅಂಥವರ ಎದುರು ಬಾಯಿ ತೆರೆಯುವುದು ಹೇಗೆ.


ಮಾರ್ಚ್ 22, ಶುಕ್ರವಾರ. ಸಂಜೆ

ನಿನ್ನೆ ನೌರೂಜ್, ಹೊಸ ವರ್ಷದ ಹಬ್ಬ. ಎಲ್ಲಿಗೂ ಹೋಗಲಿಲ್ಲ.

ಇವತ್ತು ಐಚುರೆಕ್ ಬಂದಳು. ಅವಳೇ. ಹಬ್ಬದ ಗೋಧಿ ಪಾಯಸ ಒಂದು ಬಾಟಲಿ ತಂದಿದ್ದಳು. ನಾನು ನೆಲ ನೋಡುತ್ತಾ ಕೂತೆ. ಮಡಿಲಿನಿಂದ ಒಂದು ಕರಪತ್ರ ತೆಗೆದಳು: ಕೆಲಸಗಾರರಿಗೆ, ಬಾಡಿಗೆದಾರರಿಗೆ ಉಚಿತ ಕಾನೂನು ಸಲಹೆ. ಅಲ್ಲಿಗೆ ಹೋಗಿದ್ದಾಳೆ. ಕೇಸು ಹಾಕಿದ್ದಾಳೆ.

"ಬಸುರೀನ ಹಾಗೆಲ್ಲ ತೆಗೆಯೋಕೆ ಆಗಲ್ವಂತೆ ಅಕ್ಕ. ಅದಕ್ಕೇ ನಾನೇ ಬಿಟ್ಟೆ ಅಂತ ತೋರ್ಸಿದ್ದು. ಪತ್ರ ಹಳೇದು ಅಂತ ಯಾರಾದ್ರೂ ಸಾಕ್ಷಿ ಹೇಳ್ಬೇಕು. ಬೇರೆಯೋರ್ನೆಲ್ಲಾ ಕೇಳ್ದೆ. ಎಲ್ಲಾರ್ಗೂ ಮಕ್ಕಳು, ಸಾಲ. ನಿಂಗೆ..." ಅಂದು ನಿಲ್ಲಿಸಿದಳು.

ನನಗೆ ಯಾರೂ ಇಲ್ಲ ಅನ್ನಲು ಹೊರಟಿದ್ದಳು. ತಪ್ಪಲ್ಲ.

ಅಷ್ಟರಲ್ಲಿ ಸಾಲಿಮಾ ಅಜ್ಜಿ ಬಾಗಿಲು ತಳ್ಳಿಕೊಂಡು ಬಂದಳು. ಕೈಯಲ್ಲಿ ಖಾಲಿ ಉಪ್ಪಿನ ಬಟ್ಟಲು. ಅವಳ ಅಡುಗೆಮನೆಯಲ್ಲಿ ಉಪ್ಪಿನ ಚೀಲವೇ ಇದೆ.

"ಒಂಚೂರು ಉಪ್ಪು ಬೇಕಿತ್ತು... ಓಹೋ, ನೆಂಟರು! ಹೊಟ್ಟೆ ಮುಂದಕ್ಕೆ ಬಂದಿದ್ಯಲ್ಲೇ, ಗಂಡೇ ಇರ್ಬೇಕು. ಏನದು ಕಾಗದ?"

"ಉಪ್ಪಿನ ಬೆಲೆ ಅಜ್ಜಿ. ಏರಿದ್ಯಂತೆ" ಅಂದಳು ಐಚುರೆಕ್.

ಅಜ್ಜಿ ನಗಲಿಲ್ಲ. ಉಪ್ಪನ್ನೂ ಒಯ್ಯಲಿಲ್ಲ.

ಕರಪತ್ರ ದಿಂಬಿನ ಕೆಳಗಿದೆ. ತಾರೀಖು ಹಾಕಿದ್ದು ನಾನೇ ಎಂದು ಐಚುರೆಕ್‌ಗೆ ಗೊತ್ತಿಲ್ಲ. ಅವಳು ತಂದ ಪಾಯಸ ತಿಂದೆ. ಪೂರ್ತಿ ಬಾಟಲಿ.


ಮಾರ್ಚ್ 26, ಮಂಗಳವಾರ. ಸಂಜೆ 6:30

ಹಲ್ಲುನೋವು ಅಂತ ಸುಳ್ಳು ಹೇಳಿ ಅರ್ಧ ದಿನ ರಜೆ ಹಾಕಿದೆ. ಅಲ್ಲಿಗೆ ಹೋದೆ.

ಲಾಯರ್ ನಾಜಿರಾ ಅಂತ. ಮೂವತ್ತು ದಾಟಿರಲಿಕ್ಕಿಲ್ಲ. ನೆಗಡಿಯಾಗಿತ್ತು, ಮೂಗು ಕೆಂಪಗಿತ್ತು. ಮೊದಲು ಕೋಣೆಯ ವಿಷಯ ಕೇಳಿದೆ. ಧೈರ್ಯಕ್ಕೆ.

"ಬಾಡಿಗೆಗೆ ಕಾಗದ ಇಲ್ಲ. ಹೋಗು ಅಂದ್ರೆ ಹೋಗ್ಬೇಕಲ್ವಾ?"

"ಎಷ್ಟು ವರ್ಷದಿಂದ ಇದ್ದೀರಿ?"

"ಆರು."

"ಆರು ವರ್ಷ ಅವರು ಬಾಡಿಗೆ ತಗೊಂಡಿದ್ದಾರೆ, ನೀವು ಕೊಟ್ಟಿದ್ದೀರಿ. ಕಾಗದ ಇಲ್ದಿದ್ರೂ ನೀವು ಬಾಡಿಗೆದಾರರೇ ಅಕ್ಕ. ಇವತ್ತು ಹೇಳಿ ನಾಳೆ ಸಾಮಾನು ಎಸೆಯೋ ಹಾಗಿಲ್ಲ, ಮುಂಚಿತವಾಗಿ ಹೇಳಿ ಕಾಲಾವಕಾಶ ಕೊಡ್ಬೇಕು. ಇನ್ನು ಬಾಗಿಲು ತಟ್ಟದೆ ಬರೋದು... ಅವರ ಮನೆ ಇರಬಹುದು, ಆದ್ರೆ ವಾಸ ನಿಮ್ದು."

ವಾಸ ನನ್ನದು. ನಲವತ್ತೇಳು ವರ್ಷಕ್ಕೆ ಹೀಗೊಂದು ಮಾತು ಮೊದಲ ಸಲ ಕೇಳಿದೆ.

ಆಮೇಲೆ ಐಚುರೆಕ್‌ಳ ವಿಷಯ. ಪತ್ರ ಹಳೆಯದು ಎಂದೆ. ಬರೆಸಿದ್ದು ನಾನು ಎಂದೆ. ನಾಜಿರಾ ಬರೆದುಕೊಳ್ಳುತ್ತಿದ್ದಳು.

"ತಾರೀಖು ಮಾತ್ರ ಬೇರೆ ಯಾರದೋ ಕೈಬರಹ. ಯಾರದು ಅಂತ ಗೊತ್ತಾ?"

ಗೋಡೆ ಗಡಿಯಾರ ನೋಡಿದೆ. ಮೂರು ಇಪ್ಪತ್ತು. "ನಂದು" ಅಂದೆ. "ಇದೂ ನಂದೇ. ಹಿಂದೆ ನನ್ನ ತಂಗಿ ಬುರುಲ್‌ದಕ್ಕೂ ನಾನೇ ಹಾಕ್ದೆ. ಅವಳು ಈಗಿಲ್ಲ."

ನಾಜಿರಾ ಪೆನ್ನು ಕೆಳಗಿಟ್ಟಳು. ಎದ್ದು ಕಪಾಟಿನಿಂದ ದಪ್ಪ ರಿಜಿಸ್ಟರು ತೆಗೆದು ಹಾಳೆ ತಿರುವಿದಳು. ಬಹಳ ಹೊತ್ತು.

"ಬುರುಲ್ ಅಕ್ಕ ಇಲ್ಲಿಗೆ ಬಂದಿದ್ರು. ನವೆಂಬರಿನಲ್ಲಿ. ತುಂಬಾ ಕೆಮ್ತಿದ್ರು, ಅದಕ್ಕೇ ನೆನಪಿದೆ. ಅರ್ಜಿನೂ ಬರೆದಾಗಿತ್ತು. ತಾರೀಖು ಯಾರ ಕೈಬರಹ ಅಂತ ಅವರನ್ನೂ ಕೇಳ್ದೆ. ಯಾರು ಬರೆದ್ರೋ ಅವರನ್ನೂ ಕೋರ್ಟಿಗೆ ಕರೀತಾರೆ ಅಂದೆ."

"ಏನಂದ್ಲು?"

"ಆ ಜೆರಾಕ್ಸನ್ನ ತುಂಬಾ ಹೊತ್ತು ನೋಡಿದ್ರು. ಗೊತ್ತಿಲ್ಲ ಅಂದ್ರು. ಮಾರನೇ ದಿನ ಬಂದು ಅರ್ಜಿ ವಾಪಸ್ ತಗೊಂಡ್ರು."

ಗೊತ್ತಿಲ್ಲ ಅಂದಳಂತೆ. ಅಮ್ಮ ತಂಬಾಕಿನ ಹೊಲಕ್ಕೆ ಹೋದಾಗ ಅವಳ ಕೈ ಹಿಡಿದು ಅಂಕಿ ತಿದ್ದಿಸಿದವಳು ನಾನು. ಒಂದರಿಂದ ಹತ್ತು, ಮಣ್ಣಿನ ನೆಲದ ಮೇಲೆ, ಕಡ್ಡಿಯಲ್ಲಿ. ಲೋಕದಲ್ಲಿ ಯಾರ ಅಂಕಿ ಗೊತ್ತಿಲ್ಲದಿದ್ದರೂ ನನ್ನದು ಅವಳಿಗೆ ಗೊತ್ತಿತ್ತು.

ಗೊತ್ತಿದ್ದೂ ಆರು ತಿಂಗಳು ಇದೇ ಕೋಣೆಯಲ್ಲಿ ನನ್ನ ಜೊತೆ ಮಲಗಿದಳು. ನನ್ನ ಕೈಯಿಂದ ಸೂಪು ಕುಡಿದಳು. "ನಿನ್ ಕೈ ತಣ್ಣಗಿದೆ ಅಕ್ಕ" ಅಂತ ತನ್ನ ಕೈಯೊಳಗೆ ಇಟ್ಟುಕೊಳ್ಳುತ್ತಿದ್ದಳು.

ಏನು ಬರೆಯಲಿ.

ನಾಜಿರಾ ನೀರು ಕೊಟ್ಟಳು. "ಸಾಕ್ಷಿ ಹೇಳಿದ್ರೆ ನಿಮ್ಮ ಮೇಲೂ ಪ್ರಶ್ನೆ ಬರುತ್ತೆ. ಏನೂ ಆಗಲ್ಲ ಅಂತ ಸುಳ್ಳು ಹೇಳಲ್ಲ. ಯೋಚ್ನೆ ಮಾಡಿ" ಅಂದಳು.


ಏಪ್ರಿಲ್ 9, ಮಂಗಳವಾರ

ಎರಡು ವಾರ ಬರೆಯಲಿಲ್ಲ. ಯೋಚಿಸುತ್ತಿದ್ದೆ ಅಂದರೆ ಸುಳ್ಳು. ಕಾಲರ್ ಹೊಲಿಯುತ್ತಿದ್ದೆ.

ಇವತ್ತು ಐಚುರೆಕ್‌ಳ ಮನೆಗೆ ಹೋದೆ. ಊರಾಚೆಯ ಹೊಸ ಬಡಾವಣೆ, ಮುಂದೆಲ್ಲ ಕೆಸರು. ಬಾಗಿಲಲ್ಲೇ ಹೇಳಿಬಿಟ್ಟೆ. ಒಳಗೆ ಹೋಗಿ ಅವಳ ಚಹಾ ಕುಡಿದ ಮೇಲೆ ಹೇಳುವುದು ಇನ್ನೂ ಕೀಳು ಅನಿಸಿತು.

"ನಿನ್ ಪತ್ರಕ್ಕೆ ತಾರೀಖು ಹಾಕಿದ್ದು ನಾನು."

ಮೊದಲು ನಕ್ಕಳು. ತಮಾಷೆ ಅಂದುಕೊಂಡಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಚೌಕಟ್ಟಿಗೆ ಒರಗಿದಳು.

"ಅವತ್ತು ನಾನ್ ಕೂಗಿ ಕೇಳ್ತಿದ್ದಾಗ... ನಿಂಗೆ ಗೊತ್ತಿತ್ತು."

"ಹೂಂ."

"ಪಾಯಸ ತಂದಾಗ್ಲೂ."

"ಹೂಂ."

"ತಿಂದ್ಯಾ ಅದನ್ನ?"

"ತಿಂದೆ."

"ಗಂಟಲಲ್ಲಿ ಇಳೀತಾ?"

ಕೋರ್ಟಿಗೆ ಬಂದು ಹೇಳುತ್ತೇನೆ ಅಂದೆ. ಎಲ್ಲವನ್ನೂ, ಬುರುಲ್‌ಳದನ್ನೂ.

"ನನಗೋಸ್ಕರ ಬರ್ತೀಯೋ ನಿನಗೋಸ್ಕರ ಬರ್ತೀಯೋ ನಂಗೆ ಬೇಕಿಲ್ಲ. ಬಂದ್ರೆ ಸಾಕು. ಕ್ಷಮಿಸು ಗಿಮಿಸು ಅಂತ ಮಾತ್ರ ಅನ್ಬೇಡ, ಈಗ ಆಗಲ್ಲ ನನ್ ಕೈಲಿ" ಅಂದಳು. ಬಾಗಿಲು ಹಾಕಿಕೊಂಡಳು. ಅಕ್ಕ ಅನ್ನಲಿಲ್ಲ.


ಏಪ್ರಿಲ್ 12, ಶುಕ್ರವಾರ. ಸಂಜೆ 7

ಕೋರ್ಟಿನಿಂದ ಕಾರ್ಖಾನೆಗೆ ಸಾಕ್ಷಿಗಳ ಪಟ್ಟಿ ಬಂದಿದೆ, ನನ್ನ ಹೆಸರೂ ಇದೆ. ಜುಮಾಗುಲ್ ಅಕ್ಕ ಎಲ್ಲರೂ ಊಟಕ್ಕೆ ಹೋದ ಮೇಲೆ ನನ್ನ ಮಿಶನ್ನಿನ ಹತ್ತಿರ ಬಂದು ನಿಂತಳು. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಸುಲಭವಿತ್ತು.

"ನಿನ್ ತಂಗಿ ಮಣ್ಣಿಗೆ ಕುರಿ ತಂದೋಳು ನಾನು. ನಿನ್ ಮನೆಯೋರು ಯಾರ್ ಬಂದಿದ್ರು ಹೇಳು? ಒಂದ್ ನಾಯಿನಾದ್ರೂ ಬಂತಾ?"

"ಇಲ್ಲ ಅಕ್ಕ."

"ಮತ್ತೆ?"

"ಕುರಿ ತಂದೆ. ಅದು ನಿಜ. ಪೆನ್ನು ಕೊಟ್ಟಿದ್ದೂ ನಿಜ."

"ಹಿಡಿದೋಳು ನೀನಲ್ವಾ?"

"ನಾನೇ. ಅದನ್ನೇ ಹೇಳೋಕೆ ಹೋಗ್ತಿರೋದು."

ಅವಳು ಡಬ್ಬಿಯಿಂದ ನನ್ನ ಪತ್ರ ತಂದಳು. ಹನ್ನೊಂದು ವರ್ಷದ ಹಿಂದೆ ನಾನೇ ಬರೆದದ್ದು, ಹಳದಿಯಾಗಿದೆ. ನನ್ನ ಎದುರೇ ತಾರೀಖು ತುಂಬಿದಳು. ಈ ಸಲ ತನ್ನ ಕೈಯಿಂದಲೇ. ಜೆರಾಕ್ಸ್ ಕೇಳಿ ತೆಗೆದುಕೊಂಡೆ. ನಾಜಿರಾ ಹೇಳಿದ್ದಳು, ಏನು ಕೊಟ್ಟರೂ ಪ್ರತಿ ಕೇಳಿ ಎಂದು.

ಮನೆಗೆ ಬಂದರೆ ಸಾಲಿಮಾ ಅಜ್ಜಿ ನನ್ನ ಮಂಚದ ಮೇಲೆ ಕೂತಿದ್ದಳು.

"ಭಾನುವಾರದೊಳಗೆ ಕೋಣೆ ಖಾಲಿ ಮಾಡು."

"ಅಜ್ಜಿ, ಹಾಗೆ ಹೇಳೋ ಹಾಗಿಲ್ಲ. ನಂಗೆ ಟೈಮ್ ಕೊಡ್ಬೇಕು. ಕಾನೂನಿದೆ." ಕದ್ದ ಮಾತನ್ನು ಆಡಿದ ಹಾಗಿತ್ತು.

"ನನ್ ಮನೇಲಿ ನಂಗೇ ಕಾನೂನಾ? ನಿನ್ ತಂಗಿ ಮೈ ತೊಳ್ದೋಳು ಕಣೇ ನಾನು!"

"ಗೊತ್ತು ಅಜ್ಜಿ. ಸಾಯೋವರ್ಗೂ ಮರಿಯಲ್ಲ. ಅವಳ ಪತ್ರಕ್ಕೆ ತಾರೀಖು ಹಾಕಿದ್ದು ನಾನು. ಅದಕ್ಕೇ ಅವಳ ಕೆಲಸ ಹೋಗಿದ್ದು. ನಿಮ್ ಮಗಳು ಹೇಳಿದ್ಲು, ನಾನು ಬರ್ದೆ."

ಅಜ್ಜಿ ನನ್ನನ್ನೇ ನೋಡಿದಳು. ಅವಳಿಗೆ ಗೊತ್ತಿರಲಿಲ್ಲ. ಮುಖದಲ್ಲೇ ಕಂಡಿತು. ತೊಡೆಯ ಮೇಲಿದ್ದ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡಳು. ಕೋಲೂರಿಕೊಂಡು ಎದ್ದು ಹೋದಳು. ಬಾಗಿಲು ಎಳೆದುಕೊಂಡೇ ಹೋದಳು. ಭಾನುವಾರದ ಮಾತನ್ನು ಹಿಂತೆಗೆದುಕೊಂಡಳೋ ಇಲ್ಲವೋ ತಿಳಿಯದು.


ಏಪ್ರಿಲ್ 15, ಸೋಮವಾರ. ಸಂಜೆ 6

ಕೋಣೆಯಲ್ಲೇ ಇದ್ದೇನೆ. ನಿನ್ನೆ ಯಾರೂ ಏನೂ ಕೇಳಲಿಲ್ಲ. ಅಜ್ಜಿ ಹೊರಗೆ ಬಂದಿಲ್ಲ, ಒಳಗೆ ಕೆಮ್ಮುವುದು ಕೇಳುತ್ತದೆ.

ಮಧ್ಯಾಹ್ನ ಐಚುರೆಕ್ ಫೋನು ಮಾಡಿದ್ದಳು. "ಬರ್ತೀಯಾ?" "ಬರ್ತೀನಿ." ಅಷ್ಟೇ.

ನಾಜಿರಾ ಹೇಳಿದ್ದಾಳೆ, ಏನನ್ನೂ ಬರೆದುಕೊಂಡು ಬಂದು ಓದಬೇಡಿ, ಕೇಳಿದ್ದಕ್ಕೆ ಹೇಳಿ ಎಂದು. ನ್ಯಾಯಾಧೀಶರು ಖಾಲಿ ಹಾಳೆ ಕೊಟ್ಟು ಅವರ ಮುಂದೆಯೇ ತಾರೀಖು ಬರೆಸಬಹುದಂತೆ. ಎರಡೂ ಪತ್ರಗಳ ಜೊತೆ ಹೋಲಿಸಿ ನೋಡಲು.

ಈಗ ಒಂದು ಹಾಳೆ ತೆಗೆದುಕೊಂಡು ಕೂತಿದ್ದೆ. ಬರೆದು ನೋಡಿದೆ. ಆಮೇಲೆ ಬೇರೆ ಥರ ಬರೆಯಲು ಬರುತ್ತದೆಯೇ ಎಂದು ನೋಡಿದೆ. ಅಂಕಿಗಳನ್ನು ವಾಲಿಸಿ, ಅಗಲಿಸಿ. ಒಂದು ಸಾಲು ಪೂರ್ತಿ. ಬಂತು. ಯಾರೂ ಗುರುತು ಹಿಡಿಯದ ಹಾಗೆ ಬಂತು. ಇಷ್ಟಾದ ಮೇಲೂ ನನ್ನ ಕೈ ಅದನ್ನು ಮಾಡಿತು, ನಾನು ನೋಡುತ್ತಾ ಕೂತಿದ್ದೆ.

ಹಾಳೆಯನ್ನು ಒಲೆಗೆ ಹಾಕಿದೆ.

ನಾಳೆ ಹತ್ತೂವರೆಗೆ ಕೋರ್ಟು. ಎರಡನೇ ಮಹಡಿ. ಗುರುತಿನ ಚೀಟಿ ಒಯ್ಯಬೇಕು.